ಉಲ್ಲನ್ ಕೋಣೆ

ಆ ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಮೂರು ಕೋಣೆಗಳಿದ್ದವು, ಇರುವುದಕ್ಕೆ ಮಾತ್ರ ಎರಡೇ. ಮೂರನೆಯದರ ಬಾಗಿಲು ಅರ್ಧಕ್ಕೇ ನಿಂತುಬಿಡುತ್ತಿತ್ತು. ಬಾಗಿಲ ಹಿಂದೆ ಉಲ್ಲನ್ ತುಂಬಿದ ಚೀಲಗಳು ಒಂದರ ಹೆಗಲ ಮೇಲೊಂದು ಕೂತಿದ್ದವು. ಒಳಗೆ ಹೋಗಬೇಕಾದವರು ಉಸಿರು ಬಿಗಿಹಿಡಿದು ಅಡ್ಡಡ್ಡಲಾಗಿ ನುಸುಳಬೇಕು. ನುಸುಳಿದ ಮೇಲೆ ಅಲ್ಲಿ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎಂದು ಕೇಳುವುದೇ ಸುಲಭ. ಲಡಿಗಟ್ಟಲೆ ಉಲ್ಲನ್, ಹಳೇ ಸ್ವೆಟರ್ ಬಿಚ್ಚಿ ಸುತ್ತಿಟ್ಟ ಉಂಡೆಗಳು, ಬಿಸ್ಕತ್ತಿನ ಡಬ್ಬಿಗಳಲ್ಲಿ ಹೆಣಿಗೆಯ ಕಡ್ಡಿ, ಕೊಕ್ಕೆ, ದಾರದ ರೀಲು, ಲೇಸಿನ ಚೂರು, ತೋಳಿಲ್ಲದ ಸ್ವೆಟರು, ಸ್ವೆಟರಿಲ್ಲದ ತೋಳು. ಎಲ್ಲವೂ ಅತ್ತೆಯದು. ಆಸ್ಪತ್ರೆಯ ಎದುರಿನ ಪಾಪುಬಟ್ಟೆ ಅಂಗಡಿಗೆ ಅವರು ಮೊದಲಿನಿಂದಲೂ ಟೋಪಿ, ಸ್ವೆಟರು, ಕಾಲುಚೀಲ ಹೆಣೆದುಕೊಡುತ್ತಿದ್ದರು. ಆ ಬೀದಿಯಲ್ಲಿ ಹುಟ್ಟಿದ ಅರ್ಧದಷ್ಟು ಮಕ್ಕಳ ತಲೆ ಅತ್ತೆಯ ಟೋಪಿಯೊಳಗೇ ಬೆಚ್ಚಗಾಗಿತ್ತು.

ಅತ್ತೆ ಆ ಕೋಣೆಯೊಳಗೆ ಹೋದರೆ ದೀಪ ಹಾಕುತ್ತಿರಲಿಲ್ಲ. ಸರಕ್ಕನೆ ಹೋಗಿ, ಬೇಕಾದ ಚೀಲಕ್ಕೆ ಕೈಹಾಕಿ, ಬೇಕಾದ ಉಂಡೆ ತೆಗೆದುಕೊಂಡು ಬಂದುಬಿಡುತ್ತಿದ್ದರು. "ಕರೆಂಟು ಉಳಿಸಿ ನಮ್ಮಮ್ಮ ಇನ್ನೊಂದು ಮನೆ ಕಟ್ಟಿಸ್ತಾಳೆ" ಎಂದು ಮಗ ನಗುತ್ತಿದ್ದ.

ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡದಲ್ಲಿ ಯಾವ ಹೊತ್ತಿಗೆ ಲಿಫ್ಟು ಕೈಕೊಟ್ಟರೂ ಓಡಬೇಕು. ಅವನ ಹೆಂಡತಿ, ಆ ಮನೆಯ ಸೊಸೆ, ಲಾಂಡ್ರಿಯಲ್ಲಿ ಹೋಟೆಲುಗಳ ಹಾಸುಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಅವರ ಮಗಳಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಅವಳ ಹಾಸಿಗೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ. ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕಿದ್ದರೂ ಅವಳನ್ನು ದಾಟಿಯೇ ಹೋಗಬೇಕು.

ಒಂದು ಮುಂಜಾನೆ ಅಪ್ಪ ಬೂಟು ಹಾಕಿಕೊಂಡೇ ಅವಳ ಕೈ ತುಳಿದ.

"ಅಪ್ಪಾ, ಅದು ಕೈ. ಮೆಟ್ಟಿಲಲ್ಲ."

"ದಾರಿ ಮಧ್ಯೆ ಮಲಗಿದ್ರೆ ಇನ್ನೇನಾಗುತ್ತೆ?"

"ಮತ್ತೆಲ್ಲಿ ಮಲಗ್ಲಿ? ಉಲ್ಲನ್ ಮೇಲಾ?"

ಅಡುಗೆಮನೆಯಿಂದ ಅತ್ತೆ ಹೇಳಿದರು. "ಮಲಗು, ಯಾರು ಬೇಡ ಅಂದ್ರು? ನಿಮ್ಮಪ್ಪ ಹುಟ್ಟಿದಾಗ ಅದರ ಮೇಲೇ ಮಲಗಿದ್ದ."

"ಅದಕ್ಕೇ ಅವರಿಗೆ ಕಾಲಡಿ ಏನಿದೆ ಅಂತ ಗೊತ್ತಾಗಲ್ಲ," ಎಂದು ಮಗಳು ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ ಎದ್ದಳು.

ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ಇಪ್ಪತ್ತು ದಾಟಿದ ಹುಡುಗಿ ಬಟ್ಟೆ ಬದಲಾಯಿಸಲು ಬಚ್ಚಲಿಗೆ ಹೋಗಬೇಕು, ಮಧ್ಯಾಹ್ನ ದಣಿದು ಬಂದರೆ ಕಾಲು ಚಾಚಲು ಜಾಗವಿಲ್ಲ, ಒಂದು ಬಾಗಿಲು ಹಾಕಿಕೊಂಡು ಅಳಲೂ ಎಡೆಯಿಲ್ಲ. ಆ ಕೋಣೆ ಮಗಳಿಗೆ ಆಗಬೇಕು ಎಂದು ಸೊಸೆ ಅಂದೇ ನಿಶ್ಚಯಿಸಿದಳು. ಅತ್ತೆಯ ಹತ್ತಿರ ಈ ಮಾತು ಎತ್ತಿರಲಿಲ್ಲವೆಂದಲ್ಲ. ಎತ್ತಿದಾಗಲೆಲ್ಲ ಅವರದು ಒಂದೇ ಉತ್ತರ. "ಆಯ್ತು, ನಾನೇ ಮಾಡ್ತೀನಿ. ನೀನು ಮುಟ್ಟಬೇಡ."

ಅತ್ತೆ ಮಾಡಲಿಲ್ಲ. ಸೊಸೆಗೆ ಮುಟ್ಟುವ ಅವಕಾಶ ತಾನಾಗಿ ಬಂತು. ಅತ್ತೆಯ ತಂಗಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಅವರನ್ನು ನೋಡಿಕೊಳ್ಳಲೆಂದು ಮಗ ಅಮ್ಮನನ್ನು ಅಲ್ಲಿಗೆ ಬಿಟ್ಟುಬಂದ. ಬಂದವನು ಕೈ ತೊಳೆಯುವಷ್ಟರಲ್ಲಿ ಸೊಸೆ ಸೆರಗು ಸಿಕ್ಕಿಸಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು.

"ಅಮ್ಮನ್ನ ಒಂದು ಮಾತು ಕೇಳ್ಬೇಕಿತ್ತು," ಎಂದ ಅವನು.

"ಕೇಳಿದ್ರೆ ಬೇಡ ಅಂತಾರೆ. ಬಂದು ನೋಡಿದ್ರೆ ಖುಷಿಪಡ್ತಾರೆ. ಒಂದು ಎಳೆನೂ ಬಿಸಾಡಲ್ಲ ರೀ, ಸರಿಯಾಗಿ ಜೋಡಿಸಿಡ್ತೀನಿ ಅಷ್ಟೇ."

ಅದು ನಿಜವೇ. ಅವಳ ಕೈಯಲ್ಲಿ ಬಿಸಾಡುವ ಆಸೆ ಇರಲಿಲ್ಲ. ದಿನವಿಡೀ ಅಂಚಿಗೆ ಅಂಚು ಕೂಡಿಸಿ, ಬಿಳಿ ಹಾಸುಗಳನ್ನು ಒಂದೇ ಅಳತೆಗೆ ಮಡಚಿ ಪೇರಿಸುವ ಕೈ ಅದು. ಒಂದು ಅಂಚು ಹೊರಗೆ ಇಣುಕಿದರೂ ಮೇಲ್ವಿಚಾರಕಿ ಇಡೀ ಸಾಲನ್ನು ಕೆಡವುತ್ತಿದ್ದಳು. ಆ ಕೈಗೆ ಒಂದು ಚೀಲ ದಪ್ಪ, ಒಂದು ಚೀಲ ಸಣಕಲು, ಒಂದು ಬಟ್ಟೆಯದು, ಒಂದು ಗೋಣಿಯದು ಎಂದು ಕಂಡರೆ ತುರಿಸಿದಂತಾಗುತ್ತಿತ್ತು.

ಸಂಜೆ ಸಂಜೆ ತಾಯಿ ಮಗಳು ಕೂತರು. ಚೀಲ ಸುರಿದರೆ ನುಸಿ ಹಾರಿತು, ಧೂಳು ಹಾರಿತು. ಒಂದು ಚೀಲದಲ್ಲಿ ಯಾವುದೋ ಕಾಲದ ಕಿರಿದಾದ ಪ್ಯಾಂಟು ಸಿಕ್ಕಿತು. ಮಗ ಅದನ್ನು ಸೊಂಟಕ್ಕೆ ಹಿಡಿದು ನೋಡಿ, "ನಾನು ಹೀಗೂ ಇದ್ದೆ" ಎಂದು ನಿಟ್ಟುಸಿರು ಬಿಟ್ಟ. ಪ್ರತಿ ಚೀಲದ ಬಾಯಿಗೂ ಒಂದು ಹುರಿ, ಹುರಿಯ ತುದಿಗೆ ಏನಾದರೊಂದು ಗಂಟು. ಒಂದಕ್ಕೆ ಒಂಟಿ ಗುಂಡಿ, ಇನ್ನೊಂದಕ್ಕೆ ಎರಡು ಗುಂಡಿ, ಮತ್ತೊಂದಕ್ಕೆ ಕೋಟಿನ ದೊಡ್ಡ ಗುಂಡಿ, ಬಾಗಿದ ಕೊಕ್ಕೆ, ಮರದ ಮಣಿ.

"ಅಮ್ಮ, ಅಜ್ಜಿ ಇದಕ್ಕೆಲ್ಲ ಯಾಕೆ ಗುಂಡಿ ಕಟ್ಟಿದಾಳೆ?"

"ನಿಮ್ಮಜ್ಜಿ ಕೈ ಸುಮ್ಮನಿರುತ್ತಾ? ಕತ್ತರಿಸು. ಒಳ್ಳೇ ಗುಂಡಿ, ಬಾಟಲಿಗೆ ಹಾಕು."

ಮಗಳು ಕತ್ತರಿಸಿದಳು. ಗುಂಡಿಗಳು ಒಂದೊಂದಾಗಿ ಟಣ್ಣನೆ ಬಾಟಲಿಗೆ ಬಿದ್ದವು. ಸೊಸೆ ಮಾರುಕಟ್ಟೆಯಿಂದ ಒಂದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಗಳನ್ನು ತಂದಳು. ಬಿಳಿಗೆ ಒಂದು, ಹಳದಿಗೆ ಒಂದು, ಗುಲಾಬಿಗೆ, ನೀಲಿಗೆ, ಹಸಿರಿಗೆ. ಕಡು ಬಣ್ಣಗಳು ಕೆಳಗೆ, ತಿಳಿ ಬಣ್ಣಗಳು ಮೇಲೆ, ಒಂದು ಗೋಡೆಯುದ್ದಕ್ಕೂ. ತೂತುಬಿದ್ದ ಚೀಲಗಳನ್ನು ಗುಜರಿಯವನು ಒಯ್ದ. ಹುಮ್ಮಸ್ಸು ಅಲ್ಲಿಗೆ ನಿಲ್ಲದೆ ಅಡುಗೆಮನೆಗೂ ನುಗ್ಗಿತು. ತುಕ್ಕುಹಿಡಿದ ತಗಡಿನ ಡಬ್ಬಿಗಳು ಹೋಗಿ, ಉಪ್ಪು ಸಕ್ಕರೆ ಬೇಳೆಗಳೂ ಅದೇ ಬಗೆಯ ಸಣ್ಣ ಡಬ್ಬಗಳಲ್ಲಿ ಸಾಲಾಗಿ ಕೂತವು. ಖಾಲಿಯಾದ ಗೋಡೆಗೆ ಒತ್ತಿ ಹಳೇ ಮಂಚ ಬಂತು. ಆ ದಿನ ಮಗಳು ಕೆಲಸದಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ತುಂಬ ಹೊತ್ತು ತೆಗೆಯಲೇ ಇಲ್ಲ. ಹೊರಗೆ ನಿಂತು ಸೊಸೆ ಆ ಮುಚ್ಚಿದ ಬಾಗಿಲನ್ನು ನೋಡಿ ಕಣ್ತುಂಬಿಕೊಂಡಳು.

ತಂಗಿಯ ಮಗ ಸ್ಕೂಟರಿನಲ್ಲಿ ತಂದು ಬಿಟ್ಟಾಗ ಅತ್ತೆ ನೇರವಾಗಿ ಕೋಣೆಗೇ ನಡೆದರು. ಬಾಗಿಲು ಪೂರ್ತಿ ತೆರೆದುಕೊಂಡು ಗೋಡೆಗೆ ಬಡಿಯಿತು. ಆ ಸದ್ದಿಗೆ ಅವರು ನಿಂತುಬಿಟ್ಟರು. ಆಮೇಲೆ ಎರಡು ಹೆಜ್ಜೆ ಇಟ್ಟಿದ್ದೇ ಮಂಚದ ಅಂಚು ಮೊಣಕಾಲಿಗೆ ತಗುಲಿತು.

"ಇಲ್ಲಿ ಏನಿದು?"

"ಮಂಚ ಅತ್ತೆ. ನಿಮ್ಮ ಮೊಮ್ಮಗಳಿಗೆ. ನಿಮ್ಮದೆಲ್ಲ ಆ ಗೋಡೆಗಿದೆ ನೋಡಿ."

ಅತ್ತೆ ಗೋಡೆಯ ಕಡೆ ಹೋಗಿ ಡಬ್ಬಗಳ ಮೇಲೆ ಕೈಯಾಡಿಸಿದರು. ಒಂದು ಮುಚ್ಚಳ, ಅದರ ಪಕ್ಕ ಇನ್ನೊಂದು, ಮತ್ತೊಂದು. ಎಲ್ಲವೂ ನುಣುಪು.

"ಎಲ್ಲಾ ಒಂದೇ ಥರ ಇದೆ."

"ಹೂಂ, ಒಂದೇ ಅಳತೇದು ತಂದೆ. ಯಾವುದರಲ್ಲಿ ಯಾವ ಬಣ್ಣ ಅಂತ ಹೊರಗಿಂದಲೇ ಕಾಣುತ್ತೆ. ಇನ್ಮೇಲೆ ತಡಕಾಡೋ ಕೆಲಸವೇ ಇಲ್ಲ."

"ಕಾಣುತ್ತೆ," ಎಂದರು ಅತ್ತೆ. ಮುಚ್ಚಳದಿಂದ ಕೈ ತೆಗೆದು ಕೇಳಿದರು. "ನನ್ನ ಚೀಲಗಳು?"

"ತೂತುಬಿದ್ದಿದ್ವು, ಗುಜರಿಗೆ ಹಾಕಿದ್ವಿ. ಗುಂಡಿಗಳನ್ನ ಮಾತ್ರ ಬಾಟಲೀಲಿ ತೆಗೆದಿಟ್ಟಿದೀನಿ, ಒಂದೂ ಹೋಗಿಲ್ಲ."

"ಒಂದೂ ಹೋಗಿಲ್ಲ," ಎಂದು ಅತ್ತೆ ಆ ಮಾತನ್ನೇ ಮೆಲ್ಲಗೆ ಹಿಂದಕ್ಕೆ ಕೊಟ್ಟರು. "ಚೆನ್ನಾಗಿದೆ ಕಣಮ್ಮ. ಹುಡುಗಿಗೆ ಕೋಣೆ ಆಯ್ತಲ್ಲ."

ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದ ಸೊಸೆಗೆ ಆ 'ಚೆನ್ನಾಗಿದೆ'ಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತೆ ಕಡ್ಡಿ ಮುಟ್ಟಲಿಲ್ಲ. ಕೇಳಿದರೆ ಬೆನ್ನುನೋವು, ತಂಗಿಯ ಮನೆಯಲ್ಲಿ ಓಡಾಡಿದ ಸುಸ್ತು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನದ ಅಡುಗೆ ಎಂದಿನಂತೆ ಅವರದೇ, ರಾತ್ರಿ ಎಲ್ಲರೂ ಉಣ್ಣುವುದೂ ಅದನ್ನೇ. ಆದರೆ ಅಡುಗೆ ಎಂದಿನಂತಿರಲಿಲ್ಲ. ಒಂದು ದಿನ ಬೇಳೆ ಸಿಹಿಯಾಗಿತ್ತು. ಇನ್ನೊಂದು ದಿನ ಟೀ ಉಪ್ಪು.

"ಅಜ್ಜಿ, ಇದನ್ನ ನಮ್ಮ ಬೇಕರೀಲಿ ಹೊಸ ಐಟಂ ಅಂತ ಮಾರಬಹುದು," ಎಂದಳು ಮಗಳು ತುಟಿ ಒರೆಸಿಕೊಳ್ಳುತ್ತ.

"ನಿಮ್ಮಮ್ಮನ್ನ ಕೇಳು. ಡಬ್ಬ ಎಲ್ಲಾ ಅವಳದೇ."

ಸೊಸೆ ತಟ್ಟೆ ಕೆಳಗಿಟ್ಟಳು. "ಅತ್ತೆ, ಸಿಟ್ಟಿದ್ರೆ ಬಾಯಿಬಿಟ್ಟು ಹೇಳಿ. ಬೇಳೆ ಮೇಲೆ ಯಾಕೆ ತೋರಿಸ್ತೀರಿ?"

"ನನಗೇನು ಸಿಟ್ಟು?"

"ಡಬ್ಬ ಗಾಜಿನ ಹಾಗಿದೆ. ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಮಕ್ಕಳಿಗೂ ತಿಳಿಯುತ್ತೆ."

ಅತ್ತೆ ತಟ್ಟೆಯ ಅಂಚಿನ ಸುತ್ತ ಬೆರಳಾಡಿಸಿ, ಸಿಕ್ಕಿದ ಆಲೂಗಡ್ಡೆಯ ಹೋಳನ್ನು ಬಾಯಿಗಿಟ್ಟುಕೊಂಡರು. ಮಗ ತಲೆ ತಗ್ಗಿಸಿ ಬೇಗಬೇಗ ಉಂಡು ಎದ್ದ. ಲಿಫ್ಟಿನ ಹಗ್ಗ ತುಂಡಾದರೂ ಹೆದರದ ಆಳು, ಊಟದ ಹೊತ್ತಿನ ಜಗಳಕ್ಕೆ ಹೆದರುತ್ತಿದ್ದ.

ಅಂಗಡಿಯಾಕೆ ಬಂದು ಆರ್ಡರು ಹೇಳಿದ್ದು ಆ ವಾರದಲ್ಲೇ. ಬಿಳಿ ಸ್ವೆಟರು, ತೋಳು ಟೋಪಿ ಹಳದಿ, ಆಸ್ಪತ್ರೆಯಲ್ಲಿ ಬಹಳ ವರ್ಷಕ್ಕೆ ಮಗು ಹೆತ್ತ ಒಬ್ಬ ಹೆಂಗಸಿಗೆ. ಈ ಸಲ ಅತ್ತೆ ಬೆನ್ನುನೋವಿನ ಮಾತೆತ್ತಲಿಲ್ಲ. ಹೆಣೆದರು. ಮಡಚಿ, ಕಾಗದದಲ್ಲಿ ಸುತ್ತಿ, ಮೊಮ್ಮಗಳ ಕೈಯಲ್ಲೇ ಕಳಿಸಿದರು.

ಮರುದಿನ ಸಂಜೆ ಅಂಗಡಿಯಾಕೆ ಆ ಪೊಟ್ಟಣವನ್ನು ಹಿಡಿದುಕೊಂಡು ಬಂದಳು. ಸೊಸೆ ಆಗಷ್ಟೇ ಚಪ್ಪಲಿ ಬಿಡುತ್ತಿದ್ದಳು.

"ಬೇಜಾರು ಮಾಡ್ಕೋಬೇಡಿ. ನಾನೂ ಬಿಚ್ಚಿ ನೋಡದೇ ಕೊಟ್ಟೆ, ಅವರ ಹೆಣಿಗೆ ಅಂದ್ರೆ ನೋಡೋ ಅಭ್ಯಾಸವೇ ಇಲ್ಲ ನನಗೆ. ಮಗುವಿನ ಮನೆಯವರು ಇದನ್ನ ಬಿಚ್ಚಿ ನಗೋಕೆ ಶುರು ಮಾಡಿದ್ರು."

ಸ್ವೆಟರು ಬಿಳಿಯದೇ. ಒಂದು ತೋಳು ಹಳದಿ, ಇನ್ನೊಂದು ಗಾಢ ಹಸಿರು. ಟೋಪಿ ಅರ್ಧ ಹಳದಿ, ಅರ್ಧ ಹಸಿರು. ಕುಣಿಕೆಗಳು ಮಾತ್ರ ಅಚ್ಚು ಹಾಕಿದ ಹಾಗೆ, ಒಂದೂ ಹೆಚ್ಚುಕಡಿಮೆಯಿಲ್ಲ.

"ಬಿಚ್ಚಿ ಸರಿಮಾಡಿಕೊಡೋಕೆ ಹೇಳಿ. ಮಗೂನ ಮನೆಗೆ ಕರ್ಕೊಂಡು ಹೋಗೋದು ಶುಕ್ರವಾರ. ಇಲ್ಲ ಅಂದ್ರೆ ಬೇರೆಯವರ ಹತ್ರ ತರಿಸ್ಬೇಕಾಗುತ್ತೆ," ಎಂದು ಆಕೆ ಹೊರಟಳು.

ಸೊಸೆ ಸ್ವೆಟರನ್ನು ಅತ್ತೆಯ ಮಡಿಲಿಗೆ ಹಾಕಿದಳು. "ಇದೇನು ಅತ್ತೆ?"

ಅತ್ತೆ ಅದನ್ನು ಮುಟ್ಟಿ ನೋಡಿದರು. ತೋಳು, ಕೊರಳು, ಅಂಚು. "ಯಾಕೆ? ಹೊಲಿಗೆ ಬಿಟ್ಟಿದೆಯಾ?"

"ಹೊಲಿಗೆಯಂತೆ. ಒಂದು ತೋಳು ಹಸಿರು, ಒಂದು ತೋಳು ಹಳದಿ. ಊರೆಲ್ಲ ನಗ್ತಿದೆ. ಹಳದಿ ಡಬ್ಬ ಮೇಲಿದೆ, ಹಸಿರು ಡಬ್ಬ ಕೆಳಗಿದೆ, ಎರಡೂ ಎದುರಿಗೇ ಕಾಣುತ್ತೆ. ಇದು ತಪ್ಪಾಗಿ ಆಗೋ ಕೆಲಸವಾ?"

ಅತ್ತೆಯ ಕೈ ಸ್ವೆಟರಿನ ಮೇಲೆ ನಿಂತಿತು.

"ನಾನು ಕೋಣೆ ಮುಟ್ಟಿದ್ದಕ್ಕೆ ತಾನೇ?" ಸೊಸೆಯ ದನಿ ಏರಿತು. "ನನ್ನ ಡಬ್ಬ ಸರಿಯಿಲ್ಲ, ನನ್ನ ಜೋಡಣೆ ಸರಿಯಿಲ್ಲ ಅಂತ ತೋರಿಸ್ಬೇಕು. ಬೇಕು ಅಂತಲೇ ಮಾಡಿದ್ರಿ. ಅಲ್ವಾ?"

ಒಂದು ಕ್ಷಣ ಅತ್ತೆ ಮುಖ ಎತ್ತಿದರು. ಸೊಸೆಯ ಕಡೆಗಲ್ಲ, ಅವಳ ಹೆಗಲಾಚೆಗಿನ ಕಿಟಕಿಯ ಕಡೆಗೆ. ಆಮೇಲೆ ತಣ್ಣಗೆ ಹೇಳಿದರು.

"ಹೌದು. ಬೇಕು ಅಂತಲೇ ಮಾಡಿದೆ."

ಮಗ ಆಗ ಬಾಗಿಲಲ್ಲಿ ನಿಂತಿದ್ದ. ಅವನಿಗೂ ಆ ಮಾತು ಕೇಳಿಸಿತು. "ಅಮ್ಮಾ, ನಿನಗೆ ಇಷ್ಟೊಂದು ಹಟ ಇದೆ ಅಂತ ಗೊತ್ತಿರ್ಲಿಲ್ಲ," ಎಂದ. "ಪಾಪ, ಅವಳು ದಿನಾ ದುಡಿದು ಬಂದು ಇದನ್ನೆಲ್ಲ ಮಾಡಿದ್ದಾಳೆ. ಆ ಹುಡುಗೀಗೋಸ್ಕರ ಮಾಡಿದ್ದು. ನೀನು ಎಳೇ ಮಗುವಿನ ಬಟ್ಟೇಲಿ ಸೇಡು ತೀರಿಸ್ಕೋತೀಯಾ?"

"ತೀರಿಸ್ಕೊಂಡೆ. ಇನ್ನೇನು?" ಎಂದರು ಅತ್ತೆ.

ಅಷ್ಟು ಹೇಳಿ ಎದ್ದು, ಗೋಡೆಯ ಮೇಲೆ ಅಂಗೈ ಸವರುತ್ತ ಬಚ್ಚಲಿಗೆ ಹೋದರು.

ಸೊಸೆಗೆ ಅಂದು ಊಟ ಸೇರಲಿಲ್ಲ. ಮರುದಿನ ಲಾಂಡ್ರಿಯಲ್ಲಿ ಜೊತೆಯವಳೊಬ್ಬಳು ಹೆಂಗಸರಿಗೆ ಹೆಣಿಗೆ ಕಲಿಸುವ ಕೇಂದ್ರಕ್ಕೆ ಉಲ್ಲನ್ ಬೇಕಂತೆ ಎಂದಾಗ ಅವಳು ಹಿಂದುಮುಂದು ನೋಡಲಿಲ್ಲ. ಆಟೋ ತರಿಸಿ ಅರ್ಧಕ್ಕಿಂತ ಹೆಚ್ಚು ಡಬ್ಬಗಳನ್ನು ಏರಿಸಿದಳು. ಅತ್ತೆ ಹಜಾರದ ಬೆಂಚಿನ ಮೇಲೆ ಕೂತು ಡಬ್ಬಗಳು ಹೊರಹೋಗುವ ಸದ್ದು ಕೇಳಿಸಿಕೊಂಡರು. ತಡೆಯಲಿಲ್ಲ. ಗುಲಾಬಿ ಡಬ್ಬದ ಹಿಡಿ ಆಟೋದ ಬಾಗಿಲಿಗೆ ಬಡಿದು ಮುರಿದಾಗ ಮಾತ್ರ, "ಹುಷಾರು," ಎಂದರು.

ಗುರುವಾರ ಲಾಂಡ್ರಿಯಲ್ಲಿ ಸೊಸೆಯ ಮುಂಗೈಗೆ ಹಬೆ ಹೊಡೆಯಿತು. ಮುಲಾಮು ಹಚ್ಚಿ, ಮನೆಗೆ ಹೋಗು ಎಂದರು. ಎಂದೂ ಬಾರದ ಹೊತ್ತಿನಲ್ಲಿ ಅವಳು ಮನೆಗೆ ಬಂದಳು. ಬಾಗಿಲು ಓರೆಯಾಗಿತ್ತು. ಉಲ್ಲನ್ ಕೋಣೆಯಿಂದ ಮಾತು ಕೇಳಿಸುತ್ತಿತ್ತು. ಅತ್ತೆ, ಮತ್ತೆ ಎದುರುಮನೆಯ ಮೂರು ವರ್ಷದ ಮಗು. ಬಾಯಿ ಮುಚ್ಚದ್ದರಿಂದ ಎಲ್ಲರೂ ಅದನ್ನು ಗಿಣಿ ಎನ್ನುತ್ತಿದ್ದರು.

"ಆಟ ಆಡೋಣ. ಇದು ಯಾವ ಬಣ್ಣ ಹೇಳು, ಗಿಣಿ?"

"ಹಳದಿ."

"ಜಾಣೆ. ನಿಜ ಹಳದಿನಾ? ಬಾಳೆಹಣ್ಣಿನ ಥರ?"

"ಹೂಂ. ಬಾಳೆಹಣ್ಣು."

"ಇದು?"

"ಇದೂ ಹಳದಿ."

"ಅದ್ಹೇಗೆ ಎರಡೂ ಹಳದಿ ಆಗುತ್ತೆ? ಸರಿಯಾಗಿ ನೋಡು ಕಂದಾ. ನಿನ್ನ ಅಂಗಿ ಯಾವ ಬಣ್ಣ ಅಂದಿದ್ದೆ?"

"ನಂದು ಹೊಸ ಅಂಗಿ."

ಸೊಸೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಸಂದಿಯಿಂದ ನೋಡಿದಳು. ನೆಲದ ಮೇಲೆ ಉಳಿದ ಡಬ್ಬಗಳೆಲ್ಲ ಬಾಯ್ತೆರೆದಿದ್ದವು. ಅತ್ತೆಯ ಮಡಿಲಲ್ಲಿ ಆ ಸ್ವೆಟರು. ಎರಡು ತೋಳೂ ಟೋಪಿಯೂ ಪೂರ್ತಿ ಬಿಚ್ಚಿಹೋಗಿದ್ದವು. ಎಡಗೈಯಲ್ಲೊಂದು ಉಂಡೆ, ಬಲಗೈಯಲ್ಲೊಂದು. ಎರಡೂ ಹಸಿರು. ಅತ್ತೆ ಒಂದನ್ನು ಕಣ್ಣಿನ ತೀರ ಹತ್ತಿರಕ್ಕೆ, ರೆಪ್ಪೆಗೆ ತಾಗುವಷ್ಟು ಹತ್ತಿರಕ್ಕೆ ಹಿಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿದರು. ಮತ್ತೆ ಕೆಳಗಿಳಿಸಿ ಮಗುವಿನ ದನಿ ಬಂದ ಕಡೆಗೆ ಚಾಚಿದರು.

"ಇನ್ನೊಂದು ಸಲ ಹೇಳು ನನ್ನಪ್ಪಾ. ನಾಳೆ ಕೊಡಬೇಕು."

ಸೊಸೆಗೆ ತಾನಾಡಿದ ಒಂದೊಂದು ಮಾತೂ ಎದೆಗೆ ಬಂದು ಬಡಿಯಿತು. ಹೊರಗಿಂದಲೇ ಕಾಣುತ್ತೆ. ಮಕ್ಕಳಿಗೂ ತಿಳಿಯುತ್ತೆ. ಬೇಕು ಅಂತಲೇ ಮಾಡಿದ್ರಿ.

ಅವಳು ಒಳಗೆ ಹೋಗಿ ನೆಲಕ್ಕೆ ಕೂತಳು. ಡಬ್ಬದಿಂದ ಹಳದಿ ಉಂಡೆ ಎತ್ತಿ ಅತ್ತೆಯ ಕೈಗೆ ಇಟ್ಟಳು. "ಇದು ಹಳದಿ," ಎಂದಳು.

ಅತ್ತೆ ಬೆಚ್ಚಿದರು. ಉಂಡೆಯನ್ನು ಬಿಗಿಹಿಡಿದುಕೊಂಡರು. "ನೀನು ಯಾವಾಗ ಬಂದೆ?"

"ಈಗ."

"ಮಗೂಗೆ ಬಣ್ಣ ಹೇಳಿಕೊಡ್ತಿದ್ದೆ."

"ಅತ್ತೆ."

ಗಿಣಿ ಒಂದು ಉಂಡೆಯನ್ನು ಉರುಳಿಸಿಕೊಂಡು ಓಣಿಗೆ ಓಡಿತು.

"ಯಾವಾಗಿಂದ?"

"ನಿನ್ನ ಮಗಳು ಬೇಕರಿ ಸೇರೋಕೂ ಮುಂಚೆ. ಮೊದಲು ಮಂಜು ಥರ ಬಂತು. ಆಮೇಲೆ ಬಣ್ಣ ಹೋಯ್ತು. ಈಗ ಬೆಳಕು ಗೊತ್ತಾಗುತ್ತೆ, ಆಳು ಓಡಾಡೋದು ಗೊತ್ತಾಗುತ್ತೆ. ನೀವು ಯಾರು ಅಂತ ಹೆಜ್ಜೇಲಿ ತಿಳಿಯುತ್ತೆ."

"ಗುಂಡಿ..."

"ಕಾಣ್ತಿದ್ದಾಗಲೇ ಕಟ್ಟಿಟ್ಟೆ. ಒಂದು ಗುಂಡಿ ಬಿಳಿ, ಎರಡು ಹಳದಿ. ಕೋಟಿನ ಗುಂಡಿ ನೀಲಿ. ಮಣಿ ಹಸಿರು. ಹೊಸ ಉಲ್ಲನ್ ಬಂದ್ರೆ ಅಂಗಡಿಯವಳೇ ಬಾಯ್ತುಂಬ ಹೇಳ್ತಾಳೆ, ಇದು ಬಿಳಿ, ಇದು ಕೆಂಪು ಅಂತ. ಕೇಳ್ಕೊಂಡು ಆ ಚೀಲಕ್ಕೆ ಹಾಕೋದು. ಅಡುಗೆಮನೇಲೂ ಹಾಗೇ, ನೆಗ್ಗಿದ ಡಬ್ಬಿ ಉಪ್ಪು, ಮುಚ್ಚಳ ಬಿಗಿ ಇದ್ದದ್ದು ಸಕ್ಕರೆ. ಕಷ್ಟ ಏನಿರ್ಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ ಅತ್ತೆ? ಹಟಮಾರಿ ಅಂತ ಅನ್ನಿಸ್ಕೊಂಡು ಸುಮ್ಮನಿದ್ರಲ್ಲ, ಕಣ್ಣು ಕಾಣಲ್ಲ ಅಂತ ಅನ್ನೋಕೆ ಆಗ್ಲಿಲ್ವಾ?"

"ಹಟಮಾರಿಗೆ ಯಾರೂ ಕೂತ್ಕೋ ಅನ್ನಲ್ಲ," ಎಂದರು ಅತ್ತೆ. "ಕುರುಡಿಗೆ ಅಂತಾರೆ. ಹೇಳಿದ್ದಿದ್ರೆ ನೀನು ನನ್ನ ಒಲೆ ಹತ್ರ ಬಿಡ್ತಿದ್ದೆಯಾ?"

"ಯಾಕೆ ಬಿಡಲ್ಲ? ಯಾರು ತಡೀತಾರೆ ನಿಮ್ಮನ್ನ?"

"ನೀನೇ," ಎಂದರು ಅವರು. ದನಿಯಲ್ಲಿ ಕಹಿಯಿರಲಿಲ್ಲ. "ಪ್ರೀತಿ ಇದ್ದೇ ತಡೀತೀಯ."

"ಇಲ್ಲ. ನನ್ನಾಣೆ, ತಡಿಯಲ್ಲ."

ಆ ರಾತ್ರಿ ಕಳೆಯುವಷ್ಟರಲ್ಲಿ ಹಳದಿ ತೋಳುಗಳೂ ಟೋಪಿಯೂ ಮುಗಿದವು. ಸೊಸೆ ಸುಟ್ಟ ಕೈಯಲ್ಲೇ ಉಂಡೆ ಹಿಡಿದು ಎದುರಿಗೆ ಕೂತಿದ್ದಳು. ಶುಕ್ರವಾರ ಪೊಟ್ಟಣ ಅಂಗಡಿಗೆ ಹೋಯಿತು. ಅಂಗಡಿಯಾಕೆ ಈ ಸಲ ಬಿಚ್ಚಿ ನೋಡಿಯೇ ತೆಗೆದುಕೊಂಡಳಂತೆ.

ಕಣ್ಣಿನ ಡಾಕ್ಟರು ಒಳ್ಳೆಯ ಮನುಷ್ಯ. ಅತ್ತೆಯನ್ನು ಒಳಗೆ ಬಿಟ್ಟು, ಮಗ ಸೊಸೆಯನ್ನು ಹೊರಗೆ ಕರೆದು ಹೇಳಿದರು. ಕಣ್ಣಿನ ಹಿಂದಿನ ನರ ಒಣಗುತ್ತ ಬಂದಿದೆ, ಹೋದದ್ದು ಬರುವುದಿಲ್ಲ, ಉಳಿದಿರುವ ಬೆಳಕನ್ನು ಹನಿ ಹಾಕಿ ಕಾಪಾಡಿಕೊಳ್ಳಬಹುದು. ಮೊದಲೇ ಬಂದಿದ್ದರೆ ಎಂದು ಶುರುಮಾಡಿ, ಮಗನ ಮುಖ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟರು. ಬರುವಾಗ ಆಟೋದಲ್ಲಿ ಮಗ ಅಮ್ಮನ ಕೈ ಹಿಡಿದುಕೊಂಡಿದ್ದ. ಸೇಡು ಎಂದದ್ದು ಅವನಿಗೆ ನೆನಪಾಗುತ್ತಿತ್ತೇನೋ.

"ಕೈ ಬಿಡೋ, ಬೆವರ್ತಿದೆ," ಎಂದರು ಅತ್ತೆ.

ಮನೆಯಲ್ಲಿ ಮಗಳು ಮಂಚದ ಹಾಸಿಗೆಯನ್ನು ಸುತ್ತಿ ಓಣಿಗೆ ತಂದಿಟ್ಟಿದ್ದಳು. "ಅಜ್ಜಿ, ಕೋಣೆ ನಿಂದೇ. ನನಗೆ ಅಭ್ಯಾಸ ಇದೆ ಇಲ್ಲಿ."

"ತಗೊಂಡು ಹೋಗಿ ಹಾಸು ಅದನ್ನ. ಹುಡುಗಿ ಬಾಗಿಲು ಹಾಕ್ಕೊಂಡು ಕೂತ್ಕೋಬೇಕು. ನಿಮ್ಮಮ್ಮ ಮಾಡಿದ್ದರಲ್ಲಿ ಅದೊಂದು ಸರಿ."

ಸೊಸೆ ಬಾಟಲಿ ತಂದು ನೆಲದ ಮೇಲೆ ಗುಂಡಿಗಳನ್ನು ಹರಡಿಕೊಂಡು ಕೂತಳು. ಕೇಂದ್ರದವರು ತಮಗೆ ಕೊಟ್ಟ ಉಲ್ಲನ್ನು ಆಗಲೇ ಹಂಚಿಬಿಟ್ಟಿದ್ದರು. ವಾಪಸು ಕೇಳಲು ಹೋದವಳು ಮುಖ ಸಣ್ಣದು ಮಾಡಿಕೊಂಡು ಬಂದಿದ್ದಳು. ಉಳಿದ ಡಬ್ಬಗಳಿಗಾದರೂ ಕಟ್ಟೋಣವೆಂದು ಹಿಡಿಗೆ ಹುರಿ ಪೋಣಿಸಿದಳು. "ಇದಕ್ಕೆ ಒಂದು ಗುಂಡಿ, ಬಿಳಿ. ಇಲ್ಲಿ ಮುಟ್ಟಿ ನೋಡಿ ಅತ್ತೆ. ಮೊದಲಿನ ಹಾಗೇ ಆಗುತ್ತೆ."

ಅತ್ತೆ ಬಂದು ಮುಟ್ಟಿ ನೋಡಿದರು. ಒಂದೆರಡು ಡಬ್ಬ ಎತ್ತಿ ನೋಡಿದರು, ಇಟ್ಟರು. ಅವರ ಕೈಯಲ್ಲಿ ಹಿಂದಿನ ಚುರುಕು ಇರಲಿಲ್ಲ. ಹೊಸಬರ ಮನೆಯಲ್ಲಿ ಲೋಟ ಹುಡುಕುವವರ ಹಾಗೆ ಕೈ ಹಿಂಜರಿಯುತ್ತಿತ್ತು. "ಅದು ನಾನು ಒಂದೊಂದಾಗಿ ಕಟ್ಟಿಕೊಂಡದ್ದು ಕಣೇ, ಬೆಳಕು ಒಂದೊಂದಾಗಿ ಹೋಗ್ತಿದ್ದಾಗ," ಎಂದರು. "ಒಂದೇ ದಿನಕ್ಕೆ ಕಟ್ಟಿಕೊಟ್ರೆ ಕೈಗೆ ಹತ್ತಲ್ಲ. ಕಟ್ಟು, ಕಟ್ಟು. ನೋಡೋಣ." ಸೊಸೆಯ ಮನಸ್ಸಿಗೆ ಹೇಳಿದ ಮಾತು ಅದು, ಡಬ್ಬಗಳಿಗಲ್ಲ.

ಅಡುಗೆಮನೆಯನ್ನು ಮಾತ್ರ ಸೊಸೆ ಹಟಹಿಡಿದು ಕಲಿಸಿದಳು. ಅತ್ತೆಯ ಕೈ ಹಿಡಿದು, ಇದು ಉಪ್ಪು, ಇದಕ್ಕೆ ರಬ್ಬರ್ ಬ್ಯಾಂಡ್ ಹಾಕಿದೀನಿ, ಇದು ಸಕ್ಕರೆ, ಚಾಕು ಈ ಗೂಡಲ್ಲಿ, ಎಂದು ಒಂದೊಂದೇ ತೋರಿಸಿದಳು. ಇಷ್ಟು ವರ್ಷದಲ್ಲಿ ಅವಳು ಅತ್ತೆಯ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ. ಬೆರಳ ತುದಿಗಳು ಗಟ್ಟಿಯಾಗಿದ್ದವು. ಅತ್ತೆಯೂ ಹೂಂ ಹೂಂ ಎನ್ನುತ್ತ ಬಂದರು, ಒಂದೆರಡು ಸಲ ನಕ್ಕರು.

"ಇದು ಒಲೆ. ನಿಮಗೆ ಗೊತ್ತಿರೋದೇ," ಎಂದಳು ಸೊಸೆ.

"ಇದನ್ನೂ ಹೊಸದು ಮಾಡಿದೀಯೇನೋ ಅಂದ್ಕೊಂಡೆ." ಅತ್ತೆ ಲೈಟರಿಗಾಗಿ ಕೈ ಚಾಚಿದರು. ಅದು ಅದರ ಜಾಗದಲ್ಲೇ ಇತ್ತು. "ಇರು, ನಿನಗೊಂದು ಟೀ ಮಾಡ್ತೀನಿ. ಉಪ್ಪು ಹಾಕದೆ."

ಅವರು ಗ್ಯಾಸಿನ ನಾಬ್ ತಿರುಗಿಸಿದರು. ಬರ್ನರಿನ ಕಡೆಗೆ ಬಾಗಿದರು. ಸೆರಗಿನ ತುದಿ ಒಲೆಯ ಮೇಲೆ ಜೋತಿತ್ತು. ಅದು ದಿನವೂ ಹಾಗೇ ಜೋಲುತ್ತಿದ್ದಿರಬೇಕು. ಸೊಸೆ ಎಂದೂ ನೋಡಿರಲಿಲ್ಲ. ಅವಳು ಏನನ್ನೂ ಯೋಚಿಸಲಿಲ್ಲ. ಅವಳ ಕೈ ತಾನಾಗಿ ಮುಂದೆ ಬಂದು ಗ್ಯಾಸ್ ಆರಿಸಿತು, ಅತ್ತೆಯ ಬೆರಳು ಬಿಡಿಸಿ ಲೈಟರನ್ನು ತೆಗೆದುಕೊಂಡಿತು.

ಗ್ಯಾಸಿನ ವಾಸನೆ ಸ್ವಲ್ಪ ಹೊತ್ತು ಇತ್ತು, ಆಮೇಲೆ ಹೋಯಿತು.

"ಸೆರಗು ಅತ್ತೆ... ಸೆರಗು ಒಲೆ ಮೇಲಿತ್ತು. ಅದಕ್ಕೆ."

"ಹೂಂ."

"ನಾನು ಇಲ್ದಿದ್ದಾಗ ಬೇಡ, ಅಷ್ಟೇ. ನಾನಿದ್ದಾಗ ಮಾಡಿ. ಮಧ್ಯಾಹ್ನಕ್ಕೆ ನಾನೇ ಬೆಳಗ್ಗೆ ಮಾಡಿಟ್ಟು ಹೋಗ್ತೀನಿ."

"ಆಯ್ತು ಕಣಮ್ಮ," ಎಂದರು ಅತ್ತೆ. ತನ್ನ ಖಾಲಿ ಕೈಯನ್ನು ಇನ್ನೊಂದು ಕೈಯಿಂದ ಒರೆಸಿಕೊಂಡರು. ಹೊಸ್ತಿಲನ್ನು ಕಾಲಿಂದ ತಡಕಿ ದಾಟಿ, ಬೆಂಚಿಗೆ ಹೋಗಿ ಕೂತರು.

ಮರುದಿನ ಬೆಳಗ್ಗೆ ಸೊಸೆ ಆಲೂಗಡ್ಡೆ ಹೆಚ್ಚುತ್ತಿದ್ದಳು. ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿದಳು. ಅಡುಗೆಮನೆಯ ಹೊಸ್ತಿಲಾಚೆ ಅತ್ತೆ, ಕೈಯಲ್ಲಿ ಖಾಲಿ ಲೋಟ.

"ನೀರು ಬೇಕಿತ್ತು," ಎಂದರು. "ಒಳಗೆ ಬರಬಹುದಾ?"